ಜಗ್ಗದ ಗಿರಾಕಿಗೆ ದುಡ್ಡು ವಾಪಸ್

ದುಡ್ಡು ನುಂಗಿ ನೋಟೀಸು ತಗೊಂಡವರನ್ನು ನೀವೂ ಕಂಡಿರುತ್ತೀರಿ, ನಾನೂ ಕಂಡಿದ್ದೇನೆ. ಆದರೆ ಬಂದ ದುಡ್ಡನ್ನು ಕರೆಕರೆದು ವಾಪಸ್ ಕೊಟ್ಟಿದ್ದಕ್ಕೆ ನೋಟೀಸು ತಗೊಂಡವರು ಇಡೀ ರಾಯಚೂರು ಜಿಲ್ಲೆಯಲ್ಲಿ ಒಬ್ಬರೇ ಇರಬೇಕು. ಆಕೆ ನಮ್ಮ ದೊಡ್ಡವ್ವ. ನಮ್ಮವ್ವನ ಅಕ್ಕ, ಇರುವುದು ದೇವದುರ್ಗದಲ್ಲಿ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ, "ನನ್ನ ಹೆಸರು ಹಾಕಾಕ ಎಷ್ಟು ಕೊಟ್ಟಾರ? ಅಷ್ಟಕ್ಕ ಯಾಕ ಒಪ್ಪಿದಿ? ಜಗ್ಗಬೇಕಿಲ್ಲೋ?" ಎಂದು ನನ್ನನ್ನೇ ತರಾಟೆಗೆ ತಗೊಳ್ಳುತ್ತಾಳೆ.

ಜಗ್ಗುವುದು ಎಂದರೆ ಚೌಕಾಸಿ. ನಿಮಗೆ ಅದು ಹಣ ಉಳಿಸುವ ದಾರಿ ಇರಬಹುದು, ದೊಡ್ಡವ್ವನಿಗೆ ಅದು ಉಸಿರಾಟ. ಡಾಕ್ಟರು ಐದು ದಿನದ ಮಾತ್ರೆ ಬರೆದರೆ "ಮೂರಕ್ಕ ಮುಗಸ್ರಿ ಸಾಹೇಬ್ರ" ಎನ್ನುತ್ತಾಳೆ. ಹೊರಗೆ ಕಾಯುವ ರೋಗಿಗಳ ಸಾಲು ನೋಡಿ ಅವರೂ ನಾಲ್ಕಕ್ಕೆ ಒಪ್ಪಿದ್ದುಂಟು! ದೇವಸುಗೂರಿನ ಸೂಗೂರೇಶ್ವರನಿಗೆ ಒಮ್ಮೆ ಮೊಣಕಾಲು ನೋವು ವಾಸಿಯಾದರೆ ಹನ್ನೊಂದು ಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಿದ್ದಳು. ಬಲಗಾಲು ವಾಸಿಯಾಯಿತು, ಎಡಗಾಲು ಆಗಲಿಲ್ಲ. ಹೋಗಿ ಆರೇ ಕಾಯಿ ಒಡೆಸಿದಳು.

"ಐದೂವರಿ ಆಗ್ತಿತ್ತು. ದೇವರಿಗೆ ಅರ್ಧ ಕಾಯಿ ಕೊಡೋದು ಚಂದ ಅಲ್ಲ ಅಂತ ಆರು ಮಾಡೀನಿ" ಎಂದಳು, ದೇವರ ಮೇಲೆ ದೊಡ್ಡ ಉಪಕಾರ ಮಾಡಿದವರ ಹಾಗೆ.

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದಾಗ ಎಲ್ಲರೂ ಖುಷಿಪಟ್ಟರು. ದೊಡ್ಡವ್ವ ಒಬ್ಬಳೇ ವಾರಗಟ್ಟಲೆ ಮಂಕಾಗಿದ್ದಳು. ಮೊದಲಾದರೆ "ಗಬ್ಬೂರು ತನಕ ನಿಂತ ಹೋಗ್ತೀನಿ, ನಿಂತೋರಿಗೆ ಬ್ಯಾರೆ ರೇಟಿಲ್ಲೇನು?" ಎಂದು ಕಂಡಕ್ಟರನ ತಲೆ ತಿನ್ನುತ್ತಿದ್ದಳು. ಈಗ ಆತ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೈಗಿಟ್ಟು ಮುಂದೆ ಹೋಗಿಬಿಡುತ್ತಾನೆ. "ಸೊನ್ನಿಯೊಳಗ ಏನಂತ ಜಗ್ಗಲೇ ಯವ್ವಾ?" ಎಂದು ನನ್ನೆದುರು ಗೋಳಾಡಿದಳು.

ಈ ವಿದ್ಯೆಯ ಕೊನೆಯ ಅಸ್ತ್ರವೆಂದರೆ ಏಳು ಹೆಜ್ಜೆ. ವ್ಯಾಪಾರಿ ಜಗ್ಗದಿದ್ದರೆ "ಬ್ಯಾಡಂದ್ರ ಬಿಡು" ಎಂದು ತಿರುಗಿ ನಡೆಯುವುದು. ಹಿಂದೆ ನೋಡಬಾರದು. ಐದನೇ ಹೆಜ್ಜೆಗೆ "ಬರ್ರಿ ಬರ್ರಿ ಯಕ್ಕಾ" ಎಂಬ ಕೂಗು ಬರಬೇಕು, ಏಳರೊಳಗೆ ಬಂದೇ ಬರುತ್ತದೆ. ನಮ್ಮವ್ವ ಇದ್ದಾಗ ಅಕ್ಕತಂಗಿ ಇಬ್ಬರೂ ಕೈ ಕೈ ಹಿಡಿದುಕೊಂಡು ಮಾನ್ವಿಯ ಬಜಾರಿನಲ್ಲಿ ಹೀಗೆ ಹೆಜ್ಜೆ ಹಾಕುತ್ತಿದ್ದರು. ಇವರನ್ನು ದೂರದಲ್ಲಿ ಕಂಡೇ ಎಷ್ಟೋ ವ್ಯಾಪಾರಿಗಳು ಚಹಾ ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದರಂತೆ!

ನನ್ನದು ತದ್ವಿರುದ್ಧ. ಹೇಳಿದಷ್ಟು ಕೊಡುವುದು, ಚೀಲ ಎತ್ತಿಕೊಂಡು ಬರುವುದು. ರಾಯಚೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳಿಗೆ ಬದನೆಕಾಯಿಗಾಗಿ ಅರ್ಧ ಗಂಟೆ ವಾದಿಸಲು ಪುರುಸೊತ್ತು ಎಲ್ಲಿದೆ ಹೇಳಿ? ನಾನು ಹೀಗೆ ಕೊಂಡದ್ದು ಕಂಡಾಗಲೆಲ್ಲ ದೊಡ್ಡವ್ವ "ಆರಾಮ ಅದೀ ಇಲ್ಲೋ?" ಎಂದು ಕೇಳುತ್ತಿದ್ದಳು. ಹಳೇ ಕಾಲದವರ ಕಿರಿಕಿರಿ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಇಂಥ ದೊಡ್ಡವ್ವ ಕೌದಿ ಹೊಲಿಸುತ್ತಾಳೆ. ಹಳೆ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು ಕೈಯಲ್ಲಿ ಹೊಲಿದ ಹೊದಿಕೆ. ಆಕೆಯ ಪಡಸಾಲೆಯಲ್ಲಿ ಒಂಬತ್ತು ಹೆಂಗಸರು ಕೂತು ಹೊಲಿಯುತ್ತಾರೆ, ಪಕ್ಕದ ಮನೆಯ ಶಮೀಮ್ ಅವರ ಮುಂದಾಳು. ಆದರೆ ಊರಿನವರೆಲ್ಲ ಬೆಕ್ಕಿನ ಮೈಯಂತಿರುವ ನುಣುಪು ರಗ್ಗಿಗೆ ಮಾರುಹೋದ ಮೇಲೆ ಕೌದಿ ಕೇಳುವವರೇ ಇಲ್ಲದಂತಾಯಿತು. ದೂರದ ಊರಿನವರಿಗೆ ಮಾರದಿದ್ದರೆ ಒಂಬತ್ತೂ ಸೂಜಿ ನಿಲ್ಲುವ ಪರಿಸ್ಥಿತಿ. ನನ್ನ ಗೆಳತಿಯ ಮಗಳು ಒಂದು ವೆಬ್‌ಸೈಟ್ ಮಾಡಿಕೊಟ್ಟಳು. ಅದರಲ್ಲಿ ಕಾರ್ಡಿನ ದುಡ್ಡು ತಗೊಳ್ಳಲು ಪೇಮೆಂಟ್ ಗೇಟ್‌ವೇ ಬೇಕು, ಅದನ್ನು ಆರಿಸುವ ಕೆಲಸ ನನ್ನದು. ಶಾಲೆಯ ಹಾಜರಿಯನ್ನು ಮೊಬೈಲಿನಲ್ಲಿ ಹಾಕುವುದರಿಂದ ನಮ್ಮ ಬಳಗದಲ್ಲಿ ನಾನು ಕಂಪ್ಯೂಟರ್ ಪಂಡಿತೆ!

"ಗಿರಾಕಿ ಕಾರ್ಡಿನ ನಂಬರ್ ಹೊಡೀತಾನ. ಈ ಕಂಪನಿ ದುಡ್ಡು ದಾಟಿಸಿ ನಿನ್ನ ಬ್ಯಾಂಕಿಗೆ ಹಾಕ್ತದ" ಎಂದು ವಿವರಿಸಿದೆ.

"ಅಂದ್ರ ಊರ ಅಗಸಿ ಬಾಗಲಾ ಇದ್ದಂಗ ಅನ್ನು. ಬರೋರೆಲ್ಲ ಅದರಾಗ ಹಾದು ಬರಬೇಕು."

ಇಷ್ಟು ಚೆನ್ನಾಗಿ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಉತ್ಸಾಹದಿಂದ ಮೂರು ಕಂಪನಿಗಳ ತಖ್ತೆ ಬರೆದೆ. ಯಾರು ಎಷ್ಟು ಮುರಿದುಕೊಳ್ಳುತ್ತಾರೆ, ಎಷ್ಟು ದಿನಕ್ಕೆ ಬ್ಯಾಂಕಿಗೆ ಹಾಕುತ್ತಾರೆ, ಯಾವ ಯಾವ ಕಾರ್ಡು ನಡೆಯುತ್ತದೆ, ಎಲ್ಲವೂ ಅದರಲ್ಲಿತ್ತು. ದೊಡ್ಡವ್ವ ಅದನ್ನು ಮೇಲಿಂದ ಕೆಳಗೆ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ಇದರಾಗ ಗಿರಾಕಿ ಜಗ್ಗೋದು ಎಲ್ಲಿ?"

"ಜಗ್ಗಂಗಿಲ್ಲ ದೊಡ್ಡವ್ವ. ಬರೆದಷ್ಟು ರೇಟು, ಒತ್ತಿದ್ರ ಮುಗೀತು."

"ಒಂದು ಮಾತಿಲ್ಲ, ಕಥಿ ಇಲ್ಲ, ದುಡ್ಡು ಬಂದು ಬೀಳ್ತದ? ಏನು, ಹುಂಡಿ ಏನದು?"

ನನ್ನ ತಖ್ತೆಯ ಹಾಳೆಯಲ್ಲಿ ಆಮೇಲೆ ಹುರಿದ ಶೇಂಗಾ ಹಾಕಿದರು.

ಆಯ್ಕೆಯನ್ನು ದೊಡ್ಡವ್ವ ತನ್ನ ರೀತಿಯಲ್ಲೇ ಮಾಡಿದಳು. ಮೊದಲ ಕಂಪನಿಗೆ ಫೋನ್ ಹಚ್ಚಿದರೆ ಯಂತ್ರ ಮಾತಾಡಿತು, ಒಂದು ಒತ್ತಿ, ಎರಡು ಒತ್ತಿ ಎಂದಿತು. "ಹೇಳಿದ್ದು ಕೇಳಂಗಿಲ್ಲ, ತನ್ನದ ಊದ್ತದ" ಎಂದು ಇಟ್ಟುಬಿಟ್ಟಳು. ಎರಡನೆಯದರಲ್ಲಿ ಹುಡುಗನೊಬ್ಬ ಹಿಂದಿಯಲ್ಲಿ ನೂರಕ್ಕೆ ಎರಡು ರೂಪಾಯಿ ಎಂದ. ದೊಡ್ಡವ್ವನ ಪರವಾಗಿ ಶಮೀಮ್ ತನ್ನ ದಖನಿಯಲ್ಲಿ "ಆಠಾಣೆ ಲೇವ್ ಭಾಯಿ" ಎಂದು ಎಂಟಾಣೆಯಿಂದ ಶುರುಮಾಡಿದಳು. ಆತ ನಕ್ಕು ಫೋನ್ ಇಟ್ಟ. ಮೂರನೆಯ ಕಂಪನಿಯ ಹುಡುಗಿ ಮಾತ್ರ ಮುಕ್ಕಾಲು ಗಂಟೆ ಕೇಳಿಸಿಕೊಂಡು, ಸುಸ್ತಾಗಿ, ಮೇಲಿನವರನ್ನು ವಿಚಾರಿಸಿ ಬಂದು ನೂರಕ್ಕೆ ಐದು ಪೈಸೆ ಕಡಿಮೆ ಮಾಡಿದಳು. ಬರೀ ಐದು ಪೈಸೆ!

"ಇದ ಇರ್ಲಿ. ಜಗ್ಗಿದ್ರ ಜಗ್ಗೋ ಕಂಪನಿ" ಎಂದು ದೊಡ್ಡವ್ವ ತೀರ್ಪು ಕೊಟ್ಟಳು. ಹೀಗೆ ನಮ್ಮ ಅಗಸಿ ತೆರೆಯಿತು.

ನಾಲ್ಕನೇ ದಿನಕ್ಕೆ ಮೊದಲ ಗಿರಾಕಿ. ಮೈಸೂರಿನವರು ಯಾರೋ ಎರಡು ಸಾವಿರ ರೂಪಾಯಿಯನ್ನು ಒಂದೇ ಏಟಿಗೆ ಕಟ್ಟಿದ್ದರು. ನಾನು ರಾಯಚೂರಿನಲ್ಲಿ ಕುಣಿಯುತ್ತಿದ್ದರೆ ದೇವದುರ್ಗದಿಂದ ಗಾಬರಿಯ ಫೋನು ಬಂತು.

"ಯವ್ವಾ, ಹೇಳಿದಷ್ಟೂ ಕೊಟ್ಟುಬಿಟ್ಟಾನ! ಆ ಮನ್ಯಾಗ ಏನೋ ಆಗ್ಯಾದ. ಮನಸ್ಸು ಸಮ ಇದ್ದೋರು ಹಿಂಗ ಕೊಡಂಗಿಲ್ಲ."

ನಾನು ಬೇಡವೆಂದರೂ ಆತನಿಗೆ ಫೋನ್ ಮಾಡಿಯೇ ಮಾಡಿದಳು. "ಯಪ್ಪಾ, ಯಾಕ ಜಗ್ಗಲಿಲ್ಲ? ಮನ್ಯಾಗ ಎಲ್ಲಾ ಆರಾಮ ಅದಾರೇನು? ನೂರು ರೂಪಾಯಿ ವಾಪಸ್ ಹಾಕ್ತೀನಿ" ಎಂದಳು. ಕಾರ್ಡಿನಲ್ಲಿ ದುಡ್ಡು ಕಟ್ಟಿದ ಅರ್ಧ ಗಂಟೆಗೆ ಯಾರೋ ಫೋನ್ ಮಾಡಿ ವಾಪಸ್ ಕೊಡುತ್ತೇನೆಂದರೆ ನೀವಾದರೂ ಏನು ತಿಳಿಯುತ್ತೀರಿ? "ಈಗ ಓಟಿಪಿ ಕೇಳ್ತೀರಾ? ಪೊಲೀಸಿಗೆ ಹೇಳ್ತೀನಿ!" ಎಂದು ಆತ ಕೂಗಾಡಿದ.

"ಕೊಡ್ತೀನಂದ್ರ ಕಳ್ಳಿ ಅಂತಾನಲ್ಲೇ!" ಎಂದು ದೊಡ್ಡವ್ವ ಆ ದಿನ ಊಟ ಮಾಡಲಿಲ್ಲ. ಆದರೆ ನೂರು ರೂಪಾಯಿ ವಾಪಸ್ ಹಾಕಿಸದೆ ಬಿಡಲೂ ಇಲ್ಲ.

ಆಮೇಲಿನ ಗಿರಾಕಿಗಳಿಗೆ ಆಕೆ ಫೋನ್ ಮಾಡಿ ಜಗ್ಗುವುದನ್ನೇ ಕಲಿಸತೊಡಗಿದಳು. ಒಂದು ಸಲ ನಾನೇ ಪಕ್ಕದಲ್ಲಿ ಕೂತಿದ್ದೆ.

"ಇನ್ನೂರು ಕಮ್ಮಿ ಮಾಡು ಅನ್ನು" ಎಂದಳು ದೊಡ್ಡವ್ವ.

"ಬೇಡಮ್ಮ, ಆಗಲೇ ಕಟ್ಟಿದ್ದೀನಲ್ಲ" ಎಂದಿತು ಆ ಕಡೆಯ ಹೆಣ್ಣು ದನಿ.

"ಅನ್ನು ಅಂದೆನಲ್ಲವ್ವ!"

"ಸರಿ, ಇನ್ನೂರು ಕಮ್ಮಿ ಮಾಡಿ."

"ಇನ್ನೂರಾ?! ಹೆಂಗ ಗಿಟ್ಟಬೇಕು ನನಗ? ಒಂಬತ್ತು ಮಂದಿ ಹೊಲ್ದಾರ! ಐವತ್ತು ಕಮ್ಮಿ ಮಾಡ್ತೀನಿ, ತಗೋ."

"ಕೈಕು ಅಕ್ಕಾ, ಬಂದ ದುಡ್ಡು ಯಾಕ ಕೊಡ್ತೀರಿ? ನಕ್ಕೋ, ಬ್ಯಾಡ!" ಎಂದು ಶಮೀಮ್ ಸೂಜಿ ಹಿಡಿದೇ ಹಣೆ ಚಚ್ಚಿಕೊಂಡಳು.

ಎಲ್ಲ ಹುಚ್ಚಾಟವೇ ಎನ್ನೋಣವೆಂದರೆ ಹಾಗೂ ಇರಲಿಲ್ಲ. ಹುಬ್ಬಳ್ಳಿಯ ಒಬ್ಬಾತ ಒಬ್ಬರಿಗಾಗುವ ಕೌದಿಯನ್ನು ಜಗ್ಗದೆ ಕೊಂಡಿದ್ದ. "ಮನ್ಯಾಗ ಆರಾಮ ಏನಪಾ?" ಎಂಬ ದೊಡ್ಡವ್ವನ ಪ್ರಶ್ನೆಗೆ "ಹೆಂಡತಿ ಜೋಡಿ ಜಗಳ ಆಗೇತ್ರಿ ಅಮ್ಮಾ. ಹಾಲ್‌ನ್ಯಾಗ ಒಬ್ಬನ ಮಲಗಾಕತ್ತೀನಿ" ಎಂದುಬಿಟ್ಟ! ದೊಡ್ಡವ್ವ ಹತ್ತು ನಿಮಿಷ ಬೈದಳು. ಆ ಆರ್ಡರನ್ನೇ ರದ್ದು ಮಾಡಿಸಿ, ದುಡ್ಡು ಪೂರಾ ವಾಪಸ್ ಹಾಕಿಸಿ, ಇಬ್ಬರಿಗಾಗುವ ಕೌದಿಯನ್ನು ಅದೇ ರೇಟಿಗೆ ಕೊಟ್ಟಳು. ತಿಂಗಳ ಮೇಲೆ ಆ ಮನೆಯಿಂದ ಹೆಂಡತಿಯೇ ಫೋನ್ ಮಾಡಿ ಇನ್ನೊಂದು ಕೇಳಿದಳು. ಮುನ್ನೂರು ಜಗ್ಗಿದಳಂತೆ. "ಈಗ ಆ ಮನಿ ಸಮ ಆತು ನೋಡು" ಎಂದಳು ದೊಡ್ಡವ್ವ.

ಕಂಪನಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು? ದುಡ್ಡು ವಾಪಸ್ ಹಾಕುವಾಗ ಕಾರಣ ತುಂಬಬೇಕು. ಮಾಲು ಕೆಟ್ಟಿದೆ, ಎರಡು ಸಲ ಕಟ್ಟಿದ್ದಾರೆ, ಮೋಸ ನಡೆದಿದೆ, ಇತರೆ ಎಂದು ನಾಲ್ಕೇ ಕಾರಣ. ದೊಡ್ಡವ್ವ ಹೇಳಿದಂತೆ ನಾನು ಪ್ರತಿಸಲ "ಇತರೆ" ಒತ್ತಿ, "ಗಿರಾಕಿ ಜಗ್ಗಲಿಲ್ಲ, ಆದ್ದರಿಂದ ನಾವೇ ಜಗ್ಗಿದ್ದೇವೆ" ಎಂದು ಬರೆಯುತ್ತಿದ್ದೆ. ಮೈಸೂರಿನವನ ದೂರು ಬೇರೆ ಹೋಗಿತ್ತು. ಕೊನೆಗೊಂದು ಶನಿವಾರ ಬೆಳಿಗ್ಗೆ ನೋಟೀಸು ಬಂತು. ನಿಮ್ಮ ವ್ಯವಹಾರ ಅನುಮಾನಾಸ್ಪದವಾಗಿದೆ, ಇನ್ನು ಮುಂದೆ ಹೀಗೆ ದುಡ್ಡು ವಾಪಸ್ ಹಾಕುವುದಿಲ್ಲವೆಂದು ಬರೆದುಕೊಡಿ, ಇಲ್ಲದಿದ್ದರೆ ಸೋಮವಾರದಿಂದ ಖಾತೆ ಬಂದ್. ಬೇರೆ ಕಂಪನಿ ಸೇರೋಣವೆಂದರೆ ಕಾಗದಪತ್ರಕ್ಕೇ ತಿಂಗಳು ಬೇಕು. ಅಷ್ಟರಲ್ಲಿ ಕೌದಿ ಮಾರುವ ಚಳಿಗಾಲವೇ ಮುಗಿದಿರುತ್ತದೆ.

ಅರ್ಧ ದಿನದ ಶಾಲೆ ಮುಗಿಸಿ ನಾನು ಮಾನ್ವಿಗೆ ಹೋದೆ. ಹಳೆ ಸೀರೆ ಕೊಳ್ಳಲು ದೊಡ್ಡವ್ವ ಅಲ್ಲಿಗೆ ಬಂದಿದ್ದಳು. ನೋಟೀಸನ್ನು ಓದಿ ಹೇಳಿದೆ. ದೊಡ್ಡವ್ವ ಚೀಲ ಮಡಚಿ ಕಂಕುಳಿಗೆ ಇಟ್ಟುಕೊಂಡಳು. ಹಳೆ ಬಟ್ಟೆಯ ಖಾಸಿಂಸಾಬರ ಅಂಗಡಿಗೆ ನಡೆದಳು. ಆ ಅಂಗಡಿಯಲ್ಲಿ ಆಕೆಯ ಜಗ್ಗಾಟ ಒಂದು ತಾಸಿಗೆ ಕಡಿಮೆ ಆದದ್ದೇ ಇಲ್ಲ. ಅವರು ಗಂಟು ಬಿಚ್ಚಿ, ಎಂದಿನಂತೆ ದುಪ್ಪಟ್ಟು ರೇಟು ಹೇಳಿ, ಕಾಲು ಮಡಚಿ ಕೂತು ಸಜ್ಜಾದರು.

ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ ಅಷ್ಟೂ ಎಣಿಸಿ ಕೊಟ್ಟುಬಿಟ್ಟಳು.

ಖಾಸಿಂಸಾಬರು ನೋಟು ಮುಟ್ಟಲೇ ಇಲ್ಲ. "ಯಕ್ಕಾ... ಆರಾಮ ಅದೀರಿಲ್ರೀ?" ಎಂದರು ಹೆದರಿ. ನನಗೂ ಹೆದರಿಕೆಯಾಯಿತು. ಇಷ್ಟು ವರ್ಷದಲ್ಲಿ ನಮ್ಮ ದೊಡ್ಡವ್ವ ಹೀಗೆ ಸೋತದ್ದನ್ನು ನಾನು ಕಂಡಿರಲಿಲ್ಲ. 

ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ದೊಡ್ಡವ್ವನನ್ನು ಕೂರಿಸಿ ಕಂಪನಿಗೆ ಫೋನ್ ಹಚ್ಚಿದೆ. ಅಧಿಕಾರಿಯೊಬ್ಬ ಸಿಕ್ಕ.

"ತಿಂಗಳಿಗೆ ಇಪ್ಪತ್ತು ಸಲ ವಾಪಸ್ ಹಾಕಲಿಕ್ಕೆ ಬಿಡಿ" ಎಂದೆ. ನನ್ನ ಬಾಯಿಂದ ಈ ಮಾತು ಹೇಗೆ ಬಂತೋ!

"ಒಂದೂ ಆಗಲ್ಲ ಮೇಡಂ, ಅದು ರೂಲ್ಸು."

"ಹದಿನೈದು?"

"ಮೇಡಂ, ಇದು ತರಕಾರಿ ಮಾರ್ಕೆಟ್ ಅಲ್ಲ!"

ದೊಡ್ಡವ್ವನ ಕಣ್ಣು ಅರಳಿತು. ನನ್ನ ತೊಡೆ ಚಿವುಟಿ, "ಬ್ಯಾಡಂದ್ರ ಬಿಡು ಅನ್ನು" ಎಂದು ಪಿಸುಗುಟ್ಟಿದಳು. "ಬೇಡವಾದರೆ ಬಿಡಿ, ಬೇರೆ ಕಂಪನಿಗೆ ಹೋಗ್ತೀವಿ" ಎಂದು ಫೋನ್ ಕಟ್ ಮಾಡಿದೆ. 

"ಎದ್ದು ನಡಿ! ಕುಂತ್ರ ಕರೆಯಂಗಿಲ್ಲ" ಎಂದು ದೊಡ್ಡವ್ವ ನನ್ನನ್ನು ಎಬ್ಬಿಸಿದಳು. ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಸರ್ಕಾರಿ ಶಿಕ್ಷಕಿ ಫೋನನ್ನು ಅಂಗೈಯಲ್ಲಿ ಹಿಡಿದು ಹೆಜ್ಜೆ ಎಣಿಸುತ್ತ ನಡೆದಳು. ಐದಾಯಿತು. ಏಳಾಯಿತು. ಹತ್ತಾಯಿತು. ಸಿಂಧನೂರು ಬಸ್ಸಿನ ಕಂಡಕ್ಟರು ನಮ್ಮನ್ನೇ ನೋಡುತ್ತಿದ್ದ. ಗೋಡೆ ಅಡ್ಡ ಬಂತು, ಇನ್ನು ನಡೆಯಲು ಜಾಗವಿಲ್ಲ. ದೊಡ್ಡವ್ವನ ಮುಖ ಬಾಡಿತು. ಆಗ ಫೋನು ಹೊಡೆದುಕೊಂಡಿತು.

"ಅಲ್ಲ ಮೇಡಂ, ಹಾಗೆ ಕಟ್ ಮಾಡಿದ್ರೆ ಹೇಗೆ? ಆಗಿಂದ ಟ್ರೈ ಮಾಡ್ತಿದ್ದೀನಿ, ನೆಟ್‌ವರ್ಕೇ ಸಿಗ್ತಿಲ್ಲ. ಮೇಲಿನವರನ್ನ ಕೇಳಿದೆ. ತಿಂಗಳಿಗೆ ಐದು."

"ಹನ್ನೆರಡು" ಎಂದೆ.

ಹತ್ತಕ್ಕೆ ಮುಗಿಯಿತು. ಖಾತೆಯೂ ಉಳಿಯಿತು, ಒಂಬತ್ತು ಸೂಜಿಗಳೂ ಉಳಿದವು. ನಾನು ಗೆದ್ದ ಸಂಭ್ರಮದಲ್ಲಿ ದೊಡ್ಡವ್ವನ ಕಡೆ ತಿರುಗಿದರೆ, ಆಕೆ ಕಂಪನಿಯ ಮಾತನ್ನೇ ಎತ್ತಲಿಲ್ಲ. ನನ್ನ ಗಲ್ಲ ಸವರಿದಳು.

"ನಿಮ್ಮವ್ವ ಹೋದ ಮ್ಯಾಲ ನೀ ಯಾರ ಹತ್ರಾನೂ ಒಂದು ರೂಪಾಯಿ ಜಗ್ಗಿದ್ದಿಲ್ಲವ್ವ. ನಾಕು ವರ್ಷ ಆತು. ಅವತ್ತಿಂದ ನೋಡಾಕತ್ತಿದ್ದೆ. ಇವತ್ತ ಜಗ್ಗಿದಿ."

ಪುರುಸೊತ್ತಿಲ್ಲ, ಸಮಾಜ ವಿಜ್ಞಾನ, ಬದನೆಕಾಯಿ ಎಂದು ನಿಮಗೆ ನಾನು ಹೇಳಿದ್ದೆಲ್ಲ ಸುಳ್ಳು. ಅವ್ವ ಇಲ್ಲದ ಬಜಾರಿನಲ್ಲಿ ನಿಂತು ಮಾತಾಡಲು ನನಗೆ ಆಗುತ್ತಿರಲಿಲ್ಲ. ಬೇಗ ದುಡ್ಡು ಕೊಟ್ಟು ಓಡಿಬರುತ್ತಿದ್ದೆ. ಅದು ನನಗೇ ಗೊತ್ತಿರಲಿಲ್ಲ, ಆಕೆಗೆ ಗೊತ್ತಿತ್ತು.

ಗೋಡೆಯ ಪಕ್ಕ ಹೂ ಮಾರುವವಳು ಕೂತಿದ್ದಳು. "ಮೊಳಕ್ಕ ಇಪ್ಪತ್ತು" ಎಂದಳು. ದೊಡ್ಡವ್ವ ನನ್ನನ್ನೇ ನೋಡಿದಳು.

"ಹತ್ತು" ಎಂದೆ.

"ಗಿಟ್ಟಂಗಿಲ್ರೀ ಯಕ್ಕಾ."

ದೊಡ್ಡವ್ವ ನನ್ನ ಕೈ ಹಿಡಿದು ತಿರುಗಿಸಿದಳು. ಇಬ್ಬರೂ ನಡೆದೆವು. ಒಂದು, ಎರಡು, ಮೂರು. ನನಗೆ ಮುಂದಿನ ದಾರಿ ಕಾಣಿಸುತ್ತಿರಲಿಲ್ಲ, ಕಣ್ಣು ಪೂರಾ ತುಂಬಿತ್ತು. ಐದನೇ ಹೆಜ್ಜೆಗೆ ಸರಿಯಾಗಿ ಹಿಂದಿನಿಂದ "ಬರ್ರಿ ಬರ್ರಿ ಯಕ್ಕಾ" ಎಂಬ ಕೂಗು ಬಂತು. ತಿರುಗಲು ಹೋದೆ. ದೊಡ್ಡವ್ವ ಕೈ ಬಿಡಲಿಲ್ಲ.

"ತಡಿ, ಮೊದ್ಲ ಕಣ್ಣು ಒರಸ್ಕೋ. ಅಳೋ ಮಾರಿ ಕಂಡ್ರ ಆಕಿ ಹತ್ತಕ್ಕ ಕೊಡಂಗಿಲ್ಲ" ಎಂದು ತನ್ನ ಸೆರಗನ್ನು ನನ್ನ ಕೈಗಿಟ್ಟಳು.