ಅಕ್ಕನ ಕಾಲ್ಬೆರಳೂ ನನ್ನ ಹಸಿರು ಬಣ್ಣವೂ

ಇನ್ನೊಬ್ಬರನ್ನು ಡಾಕ್ಟರ ಬಳಿ ಕರೆದೊಯ್ಯುವಾಗ ಮನುಷ್ಯನಿಗೆ ತಾನು ಬಹಳ ಗಟ್ಟಿಮುಟ್ಟಾಗಿದ್ದೇನೆ ಎನಿಸುತ್ತದೆ. ಅರವತ್ತರ ದಶಕದಲ್ಲಿ ತಮಿಳು ಸೀಮೆಯ ಗೂಡಲೂರಿನಲ್ಲಿ ಮೇಷ್ಟ್ರಾಗಿದ್ದ ನನಗೂ ಹಾಗೇ ಅನಿಸಿತ್ತು. ಮಾರ್ಕಯನ್‌ಕೋಟ್ಟೈಯಲ್ಲಿದ್ದ ನನ್ನ ಅಕ್ಕನ ಕಾಲ್ಬೆರಳಿಗೆ ಮುಳ್ಳು ಚುಚ್ಚಿ ಆದ ಗಾಯ, ಗದ್ದೆ ಕೊಯ್ದು ಮುಗಿದರೂ ಮಾಯಲಿಲ್ಲ. ಅರಿಶಿನ, ಬೇವು, ನೆರೆಮನೆಯವರ ಸಲಹೆ ಎಲ್ಲವನ್ನೂ ಹಚ್ಚಿ ಆಗಿತ್ತು. "ಈ ಪುಣ್ಣಿಗೆಲ್ಲ ಯಾರಾದ್ರೂ ದಿಂಡುಕ್ಕಲ್‌ಗೆ ಹೋಯ್ತಾರಾ ತಂಬಿ?" ಎಂದಳು. ಬೆರಳು ಕಪ್ಪಾಗತೊಡಗಿದಾಗ ನಾನು ಬಿಡದೆ ಬಸ್ಸು ಹತ್ತಿಸಿದೆ. ಬತ್ತಲಗುಂಡು ದಾಟುವವರೆಗೂ ಆರೋಗ್ಯದ ಬಗ್ಗೆ ಪಾಠ ಮಾಡಿದೆ. ಅವಳು ಕಿಟಕಿಯಾಚೆ ಯಾರು ಏನು ಬಿತ್ತಿದ್ದಾರೆಂದು ನೋಡುತ್ತಿದ್ದಳು.

ದಿಂಡುಕ್ಕಲ್‌ನ ಡಾಕ್ಟರು ಬೆರಳನ್ನು ನೋಡಿ ಮೂತ್ರ ಪರೀಕ್ಷೆ ಮಾಡಬೇಕೆಂದರು. ಅಕ್ಕ ನಾಚಿ ಗೋಡೆಯ ಕಡೆ ತಿರುಗಿದಳು. ಅವಳಿಗೆ ಧೈರ್ಯ ಬರಲೆಂದು ನಾನೂ ಕೊಟ್ಟೆ. ನೀಲಿ ದ್ರವದ ಜೊತೆ ಕಾಯಿಸಿದಾಗ ಅಕ್ಕನದು ಇಟ್ಟಿಗೆಯಂತೆ ಕೆಂಪಾಯಿತು, ನನ್ನದು ಹಸಿರಾಯಿತು. ಹಸಿರು ಶುಭವೆಂದು ನಾನು ನಗುತ್ತಿರುವಾಗಲೇ ಡಾಕ್ಟರು, "ಅವರಿಗೆ ಸಕ್ಕರೆ ಕಾಯಿಲೆ ಇದೆ. ನೀವು ಹೊಸ್ತಿಲಲ್ಲಿದ್ದೀರಿ" ಎಂದರು.

ಆಮೇಲೆ ತಮಿಳಿನಲ್ಲಿ ಬಿಡಿಸಿ ಹೇಳಿದರು. ಗಾಯ ಮಾಯಬೇಕಾದರೆ ಅಲ್ಲಿ ಹೊಸ ಸಣ್ಣ ರಕ್ತನಾಳಗಳು ಚಿಗುರಬೇಕು. ರಕ್ತದಲ್ಲಿ ಸಕ್ಕರೆ ಏರಿದರೆ ನಾಳದ ಒಳಗೋಡೆಯ ಜೀವಕಣಗಳು ಸರಿಯಾಗಿ ಬೆಳೆಯುವುದಿಲ್ಲ. ಕಣ್ಣಿನೊಳಗೆ ಮಾತ್ರ, ಬೇಡವೆಂದರೂ ಹೊಸ ನಾಳಗಳು ಬೆಳೆದು ದೃಷ್ಟಿ ಕೆಡಿಸಬಹುದು.

"ನಮ್ಮ ಗದ್ದೆ ಕಳೆ ಕೋರೆಹುಲ್ಲಿನ ಮಾದಿರಿ," ಎಂದಳು ಅಕ್ಕ. "ಬರಬೇಕಾದ ಕಡೆ ಬರದು, ಬೇಡದ ಕಡೆ ಬತ್ತದೆ." ಆಮೇಲೆ ಮೆಲ್ಲಗೆ ಕೇಳಿದಳು: "ಬೆರಳು ತೆಗೆದುಬಿಡ್ತೀರಾ?"

ಡಾಕ್ಟರು ಗಾಯ ತೊಳೆದು ಕಟ್ಟಿ ಇನ್ಸುಲಿನ್ ಬರೆದುಕೊಟ್ಟರು.

ಬೆರಳು ಉಳಿಯಿತು. ಅಕ್ಕ ಸಕ್ಕರೆ, ಬೆಲ್ಲ ಎರಡನ್ನೂ ಒಂದೇ ದಿನ ಬಿಟ್ಟಳು. ಸೂಜಿ ಕುದಿಸಿ ಇನ್ಸುಲಿನ್ ತಾನೇ ಚುಚ್ಚಿಕೊಳ್ಳಲು ಕಲಿತಳು. ಆ ಹೊತ್ತಿಗೆ ನಾನು ಅಲ್ಲಿದ್ದರೆ ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ಓದುತ್ತಿದ್ದೆ. ನಿಧಾನವಾಗಿ ಗಾಯದ ತಳದಲ್ಲಿ ಕೆಂಪು ಮಾಂಸ ತುಂಬಿ ಬಂತು.

ಮುಂದಿನ ಸಲ ದಿಂಡುಕ್ಕಲ್‌ಗೆ ಹೋದಾಗ ನನ್ನ ಹಸಿರು ಇನ್ನಷ್ಟು ಗಾಢವಾಗಿತ್ತು. ಸಿಹಿ ಬಿಟ್ಟಿದ್ದೀರಾ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಎಲ್ಲಿ ಬಿಡ್ತಾನೆ ಸಾಮಿ? ಹೆಂಡ್ತಿ ಬೆಲ್ಲದ ಡಬ್ಬ ಅಟ್ಟದ ಮ್ಯಾಲೆ ಇಟ್ರೆ, ಸ್ಟೂಲ್ ಹಾಕಿ ಹತ್ತುತಾನೆ" ಎಂದಳು.

ಸ್ಟೂಲಲ್ಲ, ಕುರ್ಚಿ ಎಂದು ತಿದ್ದುವುದಷ್ಟೇ ನನ್ನಿಂದಾಯಿತು.