ಪ್ರತಿ ಶುಕ್ರವಾರ ಮೂರ್ಛೆ ಹೋಗುವ ನಾಯಕನ ಬಗ್ಗೆ ಒಬ್ಬ ಕ್ಷೌರಿಕನ ಅಹವಾಲು

ಸಂಜೆ ಏಳು ಗಂಟೆಯ ಧಾರಾವಾಹಿಗೆ ಕಥೆ ಬರೆಯುವ ಮಾನ್ಯರೇ,

ತಮ್ಮ ಲೇಖನಿಗೂ, ಅದನ್ನು ಹಿಡಿದ ಕೈಗೂ, ಆ ಕೈಗೆ ಹೊತ್ತುಹೊತ್ತಿಗೆ ಕಾಫಿ ತಂದುಕೊಡುವ ಪುಣ್ಯಾತ್ಮರಿಗೂ ನನ್ನ ಅನಂತ ನಮಸ್ಕಾರಗಳು. ನಾನು ಎರಡು ಕುರ್ಚಿಯ ಕ್ಷೌರದಂಗಡಿಯೊಂದರಲ್ಲಿ ಎಡಗಡೆ ಕುರ್ಚಿಯವನು. ಬಲಗಡೆಯದು ನನ್ನ ಭಾವನವರದು, ಅಂದರೆ ಅಕ್ಕನ ಗಂಡನದು, ಅಂಗಡಿಯೂ ಅವರದೇ. ನಮ್ಮ ಟೀವಿ ಹಿಂದಿನ ಗೋಡೆಯ ಮೇಲಿರುವುದರಿಂದ ಗಿರಾಕಿಗಳು ತಾವು ಬರೆದ ಕಥೆಯನ್ನು ಕನ್ನಡಿಯಲ್ಲಿ, ಎಡಬಲ ತಿರುವುಮುರುವಾಗಿ ನೋಡಬೇಕು. ಆದರೂ ಯಾರೂ ಒಂದು ಕಂತನ್ನೂ ತಪ್ಪಿಸಿದ್ದಿಲ್ಲ ಎಂದು ತಿಳಿಸಲು ಹೆಮ್ಮೆಯಾಗುತ್ತದೆ.

ನನಗೆ ಟೈಪ್ ಒನ್ ಮಧುಮೇಹ. ಹನ್ನೊಂದನೇ ವಯಸ್ಸಿನಲ್ಲಿ ಬಂದದ್ದು, ಇಪ್ಪತ್ತೊಂಬತ್ತು ವರ್ಷವಾಯಿತು, ಇನ್ನೂ ಹೊರಡುವ ಸೂಚನೆ ಇಲ್ಲ. ಹಾಗಾಗಿ ತಮ್ಮ ನಾಯಕನಿಗೂ ಅದೇ ಕಾಯಿಲೆ ಎಂದು ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ; ಕಡೆಗೂ ನಮ್ಮವನೊಬ್ಬ ಟೀವಿಗೆ ಬಂದನಲ್ಲ ಎಂದು ಅವತ್ತು ಎಲ್ಲರ ಮೀಸೆಯನ್ನೂ ಎಂದಿಗಿಂತ ಒಂದು ಕೈ ಹೆಚ್ಚಾಗಿಯೇ ತಿದ್ದಿದೆ.

ತಮ್ಮ ನಾಯಕ ಪ್ರತಿ ಶುಕ್ರವಾರ, ಜಾಹೀರಾತಿಗೆ ಅರ್ಧ ನಿಮಿಷ ಇರುವಾಗ, ಸೋಫಾದ ಪಕ್ಕದಲ್ಲೇ, ಕೂದಲೂ ಕೆದರದಂತೆ ಮೂರ್ಛೆ ಹೋಗುತ್ತಾನೆ. ಇಂಥ ಶಿಸ್ತು ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈಹತ್ತಿಲ್ಲ. ನನಗೆ ಸಕ್ಕರೆ ಇಳಿದರೆ ಬೆವರು ಕಿತ್ತುಕೊಂಡು ಬರುತ್ತದೆ, ಎದುರಿಗಿದ್ದವರ ಮೇಲೆ ವಿನಾಕಾರಣ ಸಿಡುಕುತ್ತೇನೆ, ಆಮೇಲೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಸಕ್ಕರೆ ಜಗಿಯುತ್ತೇನೆ. ಹಿಂದೆ ಪಿಟೀಲು ನುಡಿಸುವವರು ಯಾರೂ ಇರುವುದಿಲ್ಲ.

ಕಾಯಿಲೆಯಿಂದ ಮುಂದೆ ಬರುವ ತೊಂದರೆಗಳನ್ನು ತಾವು ಮುಗಿಸಿಕೊಟ್ಟ ವೇಗವನ್ನಂತೂ ಎಷ್ಟು ಹೊಗಳಿದರೂ ಸಾಲದು. ಸೋಮವಾರ ನಾಯಕನ ಕಣ್ಣು ಹೋಯಿತು. ಬುಧವಾರ ನಾಯಕಿಯ ಕಣ್ಣೀರಿನ ಎರಡು ಹನಿ ಬಿದ್ದು ಮರಳಿ ಬಂತು. ನಾನು ಪೆದ್ದ, ಕಣ್ಣಿಗೆ ಲೇಸರ್ ಹಾಕಿಸಿಕೊಳ್ಳಲು ಹೋಗಿ ಸ್ಟ್ಯಾಂಡಿನ ಮೇಲೆ ಗಲ್ಲವಿಟ್ಟುಕೊಂಡು ಮೂರು ಸಲ ಕೂತೆ, ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನಲ್ಲಿ ತೂಗಾಡುತ್ತ ಬಂದೆ, ಎರಡೇ ದಿನಕ್ಕೆ ಮತ್ತೆ ಗಿರಾಕಿಗಳ ಗಡ್ಡ ಹೆರೆಯುತ್ತಿದ್ದೆ. ನನ್ನ ಪಾದ ನೋಡುವ ಡಾಕ್ಟರಮ್ಮ ತೆಳ್ಳಗಿನ ಪ್ಲಾಸ್ಟಿಕ್ ಎಳೆಯಿಂದ ಅಂಗಾಲು ಮುಟ್ಟಿ ಗೊತ್ತಾಗುತ್ತಾ ಎಂದು ಕೇಳುತ್ತಾರೆ. ಎಡಗಾಲಿನ ಎರಡು ಬೆರಳಿಗೆ ಗೊತ್ತಾಗುವುದಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ, ಗಿರಾಕಿಗಳಿಗೆ ಅವರ ಹಿಂದಲೆ ತೋರಿಸುವ ಕೈಗನ್ನಡಿಯಲ್ಲೇ, ಗೊತ್ತಾಗದೆ ಗಾಯವಾಗಿದೆಯೇ ಎಂದು ನನ್ನ ಅಂಗಾಲು ನೋಡಿಕೊಳ್ಳುತ್ತೇನೆ. ಇದು ಬಹಿರಂಗ ಪತ್ರವೇ ಆದರೂ ಈ ಒಂದು ವಾಕ್ಯವನ್ನು ಗಿರಾಕಿಗಳು ಓದದಂತೆ ತಾವು ದಯವಿಟ್ಟು ನೋಡಿಕೊಳ್ಳಬೇಕು.

ಇನ್ನು ಅಸಲು ವಿಷಯ. ಹೋದ ತಿಂಗಳ ಒಂದು ಶುಕ್ರವಾರ ನಾಯಕ ಸಕ್ಕರೆ ಕಡಿಮೆಯಾಗಿ ಎಂದಿನಂತೆ ಬಿದ್ದ. ನಾಯಕಿ ಓಡೋಡಿ ಬಂದು, ಕೋಟಿನ ಮೇಲಿಂದಲೇ ಅವನ ತೋಳಿಗೆ ಇನ್ಸುಲಿನ್ ಚುಚ್ಚಿದಳು. ಅವನು ಕಣ್ಣು ಬಿಟ್ಟು ಅವಳ ಹೆಸರು ಹೇಳಿದ. ನಮ್ಮ ಅಂಗಡಿಯಲ್ಲಿ ನೊರೆ ಮೆತ್ತಿಕೊಂಡಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಇನ್ಸುಲಿನ್ ಸಕ್ಕರೆಯನ್ನು ಇಳಿಸುವ ಔಷಧಿ, ಮಾನ್ಯರೇ. ಇಳಿದು ಬಿದ್ದವನಿಗೆ ಅದನ್ನು ಚುಚ್ಚಿದರೆ ಅವನು ಹೆಸರು ಹೇಳುವುದಿಲ್ಲ, ಶಾಶ್ವತವಾಗಿ ಸುಮ್ಮನಾಗುತ್ತಾನೆ.

ಇದಾದ ಎರಡನೇ ದಿನ, ಭಾನುವಾರ, ಗಿರಾಕಿಗಳ ನೂಕುನುಗ್ಗಲಿನಲ್ಲಿ ನನ್ನ ಊಟ ತಡವಾಯಿತು. ನಿವೃತ್ತ ಅಂಚೆಯಣ್ಣ ಒಬ್ಬರ ಗಡ್ಡ ಅರ್ಧ ಆಗಿತ್ತು, ನನ್ನ ಕೈ ನಡುಗಿತು. ಕತ್ತಿ ಕೆಳಗಿಟ್ಟು, ಭಾವ, ಒಂಚೂರು ಸಕ್ಕರೆ ಕೊಡಿ ಎಂದೆ. "ಸಕ್ಕರೆ ಕಾಯಿಲೆಯವನಿಗೆ ಸಕ್ಕರೆನಾ? ತಲೆ ಕೆಟ್ಟಿದೆಯಾ ನಿಂಗೆ?" ಎಂದವರೇ ಭಾವ ಸಕ್ಕರೆ ಡಬ್ಬಿಯನ್ನು ಅಟ್ಟದ ಮೇಲಕ್ಕೆಸೆದು, ಫ್ರಿಜ್ಜಿನಿಂದ ನನ್ನ ಇನ್ಸುಲಿನ್ ಪೆನ್ ತೆಗೆದು, ಎಷ್ಟು ಔಷಧಿ ಹೋಗಬೇಕೆಂದು ಅಳೆಯುವ ಅದರ ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿಕೊಂಡು ನನ್ನ ಮೇಲೆ ಬಂದರು. ನಾನು ಅಂಚೆಯಣ್ಣನ ಕೈಯಲ್ಲಿದ್ದ ತಂಪು ಪಾನೀಯದ ಬಾಟಲಿ ಕಿತ್ತುಕೊಂಡು ಕುಡಿಯುತ್ತ ಕುರ್ಚಿಯ ಸುತ್ತ ಓಡಿದೆ, ಭಾವ ಪೆನ್ ಹಿಡಿದು ನನ್ನ ಹಿಂದೆ ಓಡಿದರು. ಅಂಚೆಯಣ್ಣ ತಿರುಗುವ ಕುರ್ಚಿಯಲ್ಲಿ ಬುಗುರಿಯ ಹಾಗೆ ಸುತ್ತುತ್ತ, "ಅಯ್ಯೋ, ಮೊದಲು ಈ ಕಡೆ ಗಡ್ಡ ಮುಗಿಸ್ರಪ್ಪಾ" ಎಂದು ಬೇಡಿಕೊಂಡರು. ಏಳನೇ ಸುತ್ತಿಗೆ ಬಾಟಲಿ ಖಾಲಿಯಾಯಿತು. ಹದಿನೈದು ನಿಮಿಷ ಕೂತೆ, ಕೈ ನಡುಕ ನಿಂತಿತು, ಉಳಿದರ್ಧ ಗಡ್ಡ ಮುಗಿಸಿದೆ.

ಭಾವ ಕೆಟ್ಟವರಲ್ಲ. ಅವರ ಕಣ್ಣಲ್ಲಿ ನೀರಿತ್ತು. "ಟೀವಿಯವರು ಡಾಕ್ಟರನ್ನ ಕೇಳದೇ ತೋರಿಸ್ತಾರೇನೋ?" ಎಂದು ಅವರು ಕೇಳಿದಾಗ ನನಗೆ ತಮಾಷೆಯೆಲ್ಲ ಇಳಿದು ನಿಜವಾಗಿ ಹೆದರಿಕೆಯಾಯಿತು. ಏಕೆಂದರೆ ಅವರ ಎಂಟು ವರ್ಷದ ಮಗಳಿಗೂ ಎರಡು ತಿಂಗಳ ಹಿಂದೆ ಇದೇ ಕಾಯಿಲೆ ಬಂದಿದೆ. ಮನೆಯಲ್ಲಿ ಅವಳಿಗೆ ಇನ್ಸುಲಿನ್ ಕೊಡುವುದು ಅವರದೇ ಕೈ. ನಾನಾದರೆ ಕುರ್ಚಿ ಸುತ್ತ ಓಡಬಲ್ಲೆ, ಅವಳು ಅಪ್ಪನಿಂದ ಯಾಕೆ ಓಡುತ್ತಾಳೆ?

ತಮ್ಮ ಕಥೆಯ ಅಜ್ಜ "ಚಿಕ್ಕವನಿದ್ದಾಗ ಸಿಹಿ ತಿಂದು ತಿಂದು ಬಂತು" ಎಂದು ಹೇಳಿದ ಮೇಲೆ ನನ್ನ ಅಕ್ಕ ತಾನು ಮಗಳಿಗೆ ಕೊಟ್ಟ ಒಂದೊಂದು ಮಿಠಾಯಿಯನ್ನೂ ನೆನೆಸಿಕೊಂಡು ಅಳುತ್ತಾಳೆ. ಈ ಕಾಯಿಲೆ ಸಿಹಿ ತಿಂದು ಬರುವುದಲ್ಲ ಎಂದು ನಾನು ಹೇಳಿದರೆ, ನೀನೇನು ಅಜ್ಜನಿಗಿಂತ ದೊಡ್ಡವನಾ ಎನ್ನುತ್ತಾಳೆ. ಮಗುವಂತೂ, ತಮ್ಮ ನಾಯಕನ ಕಾಲು ಕತ್ತರಿಸುವ ಮಾತು ಬಂದ ಕಂತು ನೋಡಿದ ಮೇಲೆ, ಹೋದ ವಾರ ನನ್ನ ಪಕ್ಕ ಕೂತು ಮೆಲ್ಲಗೆ, "ಮಾಮ, ನನ್ನ ಕಾಲು ಎಷ್ಟನೇ ಕಂತಲ್ಲಿ ಕತ್ತರಿಸ್ತಾರೆ?" ಎಂದು ಕೇಳಿತು. ನಾನು ಚಪ್ಪಲಿ ಬಿಚ್ಚಿ ನನ್ನ ಹತ್ತೂ ಬೆರಳು ಎಣಿಸಿ ತೋರಿಸಿದೆ. ಅವಳು ಎರಡು ಸಲ ಎಣಿಸಿದಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ನಾಯಕನು ಒಂದು ಪೂರ್ತಿ ಕಂತು ಸಕ್ಕರೆ ಜಗಿಯುತ್ತ ಹದಿನೈದು ನಿಮಿಷ ಗೋಡೆ ನೋಡಿಕೊಂಡು ಕೂರಲಿ. ನಡುವೆ ಜಾಹೀರಾತು ಬೇಡ, ಬೇಕಾದರೆ ಒಂದು ಆಕಳಿಕೆ ಇರಲಿ. ಅವನು ಇಸ್ಪೀಟಿನಲ್ಲಿ ಮೋಸ ಮಾಡಲಿ, ಅತ್ತೆಯೊಡನೆ ಜಗಳವಾಡಲಿ, ಬೋಳುತಲೆಯಾಗಲಿ, ಮೊಮ್ಮಕ್ಕಳ ತಲೆ ತಿನ್ನಲಿ. ತೀರಾ ಸಾಯಿಸಲೇಬೇಕೆಂದರೆ ತೊಂಬತ್ತೊಂದನೇ ವಯಸ್ಸಿನಲ್ಲಿ, ಯಾರದೋ ಮಹಡಿಯ ಹೂವಿನ ಕುಂಡ ತಲೆಯ ಮೇಲೆ ಬಿದ್ದು ಸಾಯಲಿ. ನಮ್ಮ ಅಂಗಡಿಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ.

ತಮ್ಮ ಕಥೆಯೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ನಂಬಿಕೆಯಿರುವ,
ತಮ್ಮ ವಿಶ್ವಾಸಿ,
ಎಡಗಡೆ ಕುರ್ಚಿಯವನು

ಮರೆತಿದ್ದೆ: ಡಾಕ್ಟರಮ್ಮ ಭಾವನವರನ್ನೂ ಮಗಳನ್ನೂ ಕೂರಿಸಿಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿಕೊಟ್ಟರು. ನಿನ್ನೆಯ ಕಂತಿನಲ್ಲಿ ನಾಯಕ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಆ ಮಗು ಕನ್ನಡಿಗೆ ಮೂಗು ತಾಗಿಸಿ ನೋಡಿತು. ಅವಳು ತಮಗೆ ತಿಳಿಸು ಎಂದದ್ದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ: "ಮಾಮ, ಅವನು ಸೂಜಿ ಮುಚ್ಚಳಾನೇ ತೆಗೀಲಿಲ್ಲ. ಪಾಪ, ಅವನಿಗೆ ಯಾರೂ ಹೇಳ್ಕೊಟ್ಟಿಲ್ಲ. ನಮ್ಮನೆಗೆ ಕಳ್ಸೋಕೆ ಹೇಳು, ನಾನು ಕಲಿಸ್ತೀನಿ."