ಪೈಲ್ವಾನರ ಹಸಿವಿನ ಹೊತ್ತು

ಖಾನಾವಳಿ ನಡೆಸುವವರ ಮನೆಯಲ್ಲಿ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ದಿನಕ್ಕೆ ಎರಡು ಸಲ ಒಲೆ ಹೊತ್ತುತ್ತದೆ, ಎರಡು ಸಲವೂ ಒಂದಿಲ್ಲೊಂದು ನಡೆದೇ ತೀರುತ್ತದೆ. ನಾನು ಹಾವೇರಿಯಲ್ಲಿ ಹದಿನೆಂಟು ವರ್ಷ ಖಾನಾವಳಿ ನಡೆಸಿದವಳು. ಗಂಡ ತೀರಿಕೊಂಡಾಗ ನನಗೆ ಇಪ್ಪತ್ನಾಲ್ಕು. ತವರಿನವರು ಕರೆದರು, ಹೋಗಲಿಲ್ಲ. ನಾನೂ ನಮ್ಮ ಅತ್ತೆಯೂ ಸೇರಿ ಮನೆಯ ಪಡಸಾಲೆಯಲ್ಲೇ ಮಣೆ ಹಾಕಿದೆವು. ಅತ್ತೆ ರೊಟ್ಟಿ ಬಡಿಯುವುದು, ನಾನು ಪಲ್ಯ ಮಾಡಿ ಬಡಿಸುವುದು. ಕೂತವರಿಗೆ ರೊಟ್ಟಿ ಇಷ್ಟೇ ಎಂಬ ಕಟ್ಟಳೆ ಇರಲಿಲ್ಲ.

ನಮ್ಮ ಮನೆಯ ಮಗ್ಗುಲಿಗೇ ಪೈಲ್ವಾನರ ತಾಲೀಮು, ಗರಡಿಮನೆ. ಊರಿನ ಗಟ್ಟಿ ಆಳುಗಳೆಲ್ಲ ಅಲ್ಲಿ ಸಾಮು ಮಾಡುತ್ತಿದ್ದರು. ಅವರು ಉಣ್ಣುವುದನ್ನು ನೋಡಿ ನೋಡಿಯೇ ನಾನೊಂದು ವಿದ್ಯೆ ಕಲಿತೆ. ಯಾವ ಹೊತ್ತಿಗೆ ಮೈ ದಣಿದರೆ ಯಾವ ಹೊತ್ತಿಗೆ ಹೊಟ್ಟೆ ಕೂಗುತ್ತದೆ ಎಂದು ಕೇಳಿ, ಹೇಳುತ್ತೇನೆ. ಕಲಿತದ್ದು ನಾಲ್ಕನೇ ಇಯತ್ತೆ ಮಾತ್ರ, ಆದರೆ ಈ ಒಂದು ವಿಷಯದಲ್ಲಿ ನಾನು ಯಾರಿಗೂ ಸೋತವಳಲ್ಲ.

ತುಂಬಿದ ಬುಟ್ಟಿ

ಖಾನಾವಳಿ ತೆರೆದ ಹೊಸತು. ತಾಲೀಮಿನ ವಸ್ತಾದರು, ಅಂದರೆ ಅಲ್ಲಿ ಸಾಮು ಕಲಿಸುವ ಗುರುಗಳು, ಒಂದು ದಿನ ಬಂದು, “ಅಕ್ಕಾರ, ನಾಳೆಯಿಂದ ನಮ್ಮ ಆರು ಮಂದಿ ಪೈಲ್ವಾನರು ಇಲ್ಲೇ ಊಟಕ್ಕ ಬರತಾರ್ರಿ” ಅಂದರು. ಪೈಲ್ವಾನರು ಎಂದ ಕೂಡಲೇ ಅತ್ತೆ ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯಲು ಕೂತರು. ಬುಟ್ಟಿ ತುಂಬಿ ಮೇಲೆ ಗೋಪುರ ಎದ್ದಿತು.

ಆರೂ ಮಂದಿ ಸಾಮು ಮುಗಿಸಿದವರೇ, ಬೆವರು ಒರೆಸಿಕೊಳ್ಳುತ್ತ ನೆಟ್ಟಗೆ ಬಂದು ಕೂತರು. ತಲೆಗೆ ಎರಡು ರೊಟ್ಟಿ ತಿಂದು, ತಂಬಿಗೆಗಟ್ಟಲೆ ಮಜ್ಜಿಗೆ ಕುಡಿದು ಎದ್ದುಬಿಟ್ಟರು. ಜೊತೆಗೆ ಊಟಕ್ಕೆ ಕೂತಿದ್ದ ವಸ್ತಾದರು ನಾಚಿಕೊಂಡು, “ರೊಟ್ಟಿ ಭಾಳ ಚಲೋ ಅದಾವ್ರಿ, ಆದ್ರ ಯಾಕೋ ಒಳಗ ಇಳೀವಲ್ಲವು” ಅಂದರು. ಅವರು ಹೊಸ್ತಿಲು ದಾಟುವ ಮೊದಲೇ ಅತ್ತೆ ಒಳಗಿನಿಂದ ಗಟ್ಟಿಯಾಗಿ, “ಏನವಾ, ಇವ್ರು ಪೈಲ್ವಾನರೋ, ಜ್ವರ ಬಂದು ಎದ್ದವರೋ?” ಅಂದರು.

ಮರುದಿನ ಅತ್ತೆ ಅರ್ಧ ಬುಟ್ಟಿ ಮಾತ್ರ ಮಾಡಿದರು. ಅವತ್ತೇ ತಾಲೀಮಿನ ಬಾವಿಯ ಹಗ್ಗ ಹರಿಯಿತು. ಹೊಸ ಹಗ್ಗ ತಂದು, ಜಳಕ ಮಾಡಿ, ಕಟ್ಟೆಯ ಮೇಲೆ ಕೂತು ಮಾತಾಡಿ ಪೈಲ್ವಾನರು ಬರುವಷ್ಟರಲ್ಲಿ ಒಂದು ತಾಸಿನ ಮೇಲಾಗಿತ್ತು. ಬಂದವರು ಬುಟ್ಟಿ ಖಾಲಿ ಮಾಡಿದರು. ಮಾಡಿದ್ದೆಲ್ಲ ಹೆಂಚಿನಿಂದ ನೇರ ತಾಟಿಗೆ ಹೋಗತೊಡಗಿತು. ಪಲ್ಯ ಮುಗಿಯಿತು, ಚಟ್ನಿ ಮುಗಿಯಿತು, ಬರೇ ಉಪ್ಪು ಎಣ್ಣೆ ಹಚ್ಚಿಕೊಂಡು ತಿಂದರು. ಮೊಣಕೈತನಕ ಹಿಟ್ಟಾಗಿದ್ದ ಅತ್ತೆ ನನ್ನ ಸೆರಗು ಜಗ್ಗಿ ಮೆಲ್ಲಗೆ ಹೇಳಿದರು:

“ನಿನ್ನೆ ನಾ ಅಂದದ್ದು ಇವ್ರ ಕಿವಿಗೆ ಬಿದ್ದಂಗೈತಿ. ಹಿಂದಕ್ಕ ತಗೊಂಡೇನಿ ಅಂತ ಲಗೂ ಹೇಳವಾ!”

ನಾನು ಮಾತ್ರ ಅವತ್ತು ಒಂದು ತಿಳಿದುಕೊಂಡೆ. ಸಾಮು ಮುಗಿದ ಕೂಡಲೇ ಹಸಿವು ಮಲಗಿರುತ್ತದೆ. ಒಂದು ತಾಸು ಬಿಟ್ಟು ಏಳುತ್ತದೆ, ಎದ್ದರೆ ಯಾರ ಮಾತೂ ಕೇಳುವುದಿಲ್ಲ.

ಉಂಡ ಮೇಲಿನ ನಮಸ್ಕಾರ

ರಾಣೇಬೆನ್ನೂರಿನಿಂದ ವರ್ಗವಾಗಿ ಬಂದ ಒಬ್ಬ ಕಾರಕೂನರು ನಮ್ಮಲ್ಲಿ ಊಟ ಮಾಡುತ್ತಿದ್ದರು. ಕಡ್ಡಿಯಂಥ ಆಳು. ಪೈಲ್ವಾನರ ನಡುವೆ ಕೂತು ಉಂಡು ಅವರಿಗೂ ಮೈ ಬೆಳೆಸುವ ಹುರುಪು ಬಂತು. ಆದರೆ ಬೆಳಿಗ್ಗೆ ಏಳಲು ಆಗದು, ಸಂಜೆ ಕಚೇರಿ ಬಿಡುವುದು ತಡ. ಹೀಗಾಗಿ ಮಧ್ಯಾಹ್ನ ಊಟ ಮಾಡಿದವರೇ ನಮ್ಮ ಹಿತ್ತಲಿಗೆ ಹೋಗಿ ಸೂರ್ಯನಮಸ್ಕಾರ ಹಾಕತೊಡಗಿದರು.

“ಸಾಹೇಬ್ರ, ಹೊತ್ತು ತಪ್ಪೈತ್ರಿ” ಅಂದೆ.

“ಸೂರ್ಯ ನೆತ್ತಿ ಮ್ಯಾಲೇ ಅದಾನಲ್ರಿ!” ಅಂದರು.

ಮೂರನೆಯ ದಿನ ಐದನೆಯ ನಮಸ್ಕಾರಕ್ಕೆ ಬಗ್ಗಿದವರು ಬಾಯಿಗೆ ಕೈ ಅಡ್ಡ ಹಿಡಿದು ತಿಪ್ಪೆಯ ಕಡೆ ಓಡಿದರು. ಹಿಂದಿರುಗಿ ಬಂದು, ಮುಖ ತೊಳೆದು, ತಾಟಿನ ಮುಂದೆ ಮತ್ತೆ ಕೂತರು. ಯಾಕೆಂದು ನಾನು ಕೇಳುವ ಮೊದಲೇ ಅತ್ತೆ ಹೇಳಿದರು:

“ಬಡಸವಾ. ಸೂರ್ಯಗ ನೈವೇದ್ಯ ಆತು, ಈಗ ಅವರ ಊಟ.”

ದಲಾಲರ ಹೊಟ್ಟೆ

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ದಲಾಲರು ಹಾವೇರಿಗೆ ಬಂದಾಗಲೆಲ್ಲ ನಮ್ಮಲ್ಲೇ ಊಟ. ಅವರು ಬಾಗಿಲಿಗೆ ಬರುವ ಮೊದಲು ಅವರ ಹೊಟ್ಟೆ ಬರುತ್ತಿತ್ತು. ಡಾಕ್ಟರು ನಡೆಯಬೇಕು ಅಂದಿದ್ದರಂತೆ. ಒಂದು ದಿನ ಸಿಟ್ಟಿನಿಂದಲೇ ಬಂದರು.

“ತಂಗಿ, ಮೂರು ತಿಂಗಳಿಂದ ದಿನಾ ಸಂಜೀಮುಂದ ಮೋಟೆಬೆನ್ನೂರ ಹಾದಿ ಹಿಡದು ನಡ್ಯಾಕತ್ತೇನಿ. ಹೊಟ್ಟಿ ಇಳೀಲಿಲ್ಲ, ಏರೇತಿ! ನಿನ್ನ ಎಣ್ಣಿಗಾಯಿದೇ ತಪ್ಪು.”

ನನ್ನ ಎಣ್ಣೆಗಾಯಿಗೆ ತಪ್ಪು ಹೊರಿಸಿದರೆ ಬಿಡುವವಳೇ? “ನಡದು ಬಂದ ಮ್ಯಾಲೆ ಏನ ಮಾಡತೀರಿ?” ಎಂದು ಕೇಳಿದೆ.

“ಜಳಕಾ ಮಾಡಿ, ಕಟ್ಟಿ ಮ್ಯಾಲೆ ಕುಂತು ಒಂದು ತಾಸು ಮಾತಾಡಿ, ಆಮ್ಯಾಲೆ ಊಟ.”

“ಅಲ್ಲೇ ಅದಾನ ನೋಡ್ರಿ ಕಳ್ಳ. ಹಸಿವಿ ಎದ್ದು ಬರೂತನಕಾ ಕಾಯ್ಕೋತ ಕುಂದರತೀರಿ. ನಸುಕಿನಾಗ ನಡೀರಿ, ಬಂದವರ ತಡಾ ಮಾಡದ ಉಣ್ರಿ, ಉಂಡವರ ಅಂಗಡಿಗೆ ಹೋಗ್ರಿ. ಎರಡ ತಿಂಗಳಿಗೆ ಬಂದು ಮಾತಾಡ್ರಿ.”

ಎರಡು ತಿಂಗಳ ಮೇಲೆ ಬಂದರು. ನಾನು ಗುರುತೇ ಹಿಡಿಯಲಿಲ್ಲ, ಅಷ್ಟು ಇಳಿದಿದ್ದರು. ನನಗೆ ಎದೆ ತುಂಬಿ ಬಂತು. ಓಣಿಯವರನ್ನೆಲ್ಲ ಕರೆದು ತೋರಿಸಬೇಕು ಅನ್ನುವಷ್ಟರಲ್ಲಿ ದಲಾಲರು ಹಣೆ ಗಟ್ಟಿಸಿಕೊಂಡರು.

“ನಿನ್ನ ಮಾತು ಕೇಳಿ ಕೆಟ್ಟೆ ತಂಗಿ! ರೈತರು ನನ್ನ ಅಂಗಡಿ ಮುಂದ ಚಕ್ಕಡಿ ನಿಲ್ಲಸವಲ್ರು. ‘ಸಾವಕಾರ ಇಳದಾನ, ಧಂದೆ ಮುಳಗೇತಿ’ ಅಂತ ಬ್ಯಾಡಗಿ ತುಂಬ ಸುದ್ದಿ.”

“ಅಯ್ಯ, ಈಗ ಏನ ಮಾಡೀರಿ?”

ದಲಾಲರು ಆಚೀಚೆ ನೋಡಿ, ತಂದ ಗಂಟನ್ನು ಬಿಚ್ಚಿ ದಪ್ಪನೆಯ ಒಂದು ದುಪ್ಪಟಿ ತೋರಿಸಿದರು. “ಅಂಗಡ್ಯಾಗ ಕುಂದ್ರೂಮುಂದ ಇದನ್ನ ಅಂಗಿ ಒಳಗ ಸುತ್ತಗೋತೀನಿ, ನಡ್ಯಾಕ ಹೋಗೂಮುಂದ ಬಿಚ್ಚತೀನಿ. ನಿನ್ನಿಂದ ನನಗ ಎರಡು ಹೊಟ್ಟಿ ಆದುವು!”

ರಾಣೇಬೆನ್ನೂರಿನ ಒಂಬತ್ತು ಮಂದಿ

ಇದು ಯುದ್ಧದ ಕಾಲದ ಮಾತು. ಜೋಳ ರೇಷನ್ನಿನಲ್ಲಿ ಅಳೆದು ಕೊಡುತ್ತಿದ್ದರು. ಆದರೂ ನಮ್ಮ ಪಡಸಾಲೆಯಲ್ಲಿ ಊಟಕ್ಕೆ ಕೂತವರಿಗೆ ‘ರೊಟ್ಟಿ ಇಲ್ಲ’ ಎಂದು ಒಮ್ಮೆಯೂ ಅಂದಿರಲಿಲ್ಲ. ಹಾವೇರಿಯವರು ಅದನ್ನು ನನಗಿಂತ ಹೆಚ್ಚಾಗಿ ಕೊಚ್ಚಿಕೊಳ್ಳುತ್ತಿದ್ದರು.

ಒಂದು ದಿನ ಕುಸ್ತಿಗೆ ರಾಣೇಬೆನ್ನೂರಿನಿಂದ ಒಂಬತ್ತು ಮಂದಿ ಪೈಲ್ವಾನರು ಬಂದರು. ಕುಸ್ತಿ ಮುಗಿದ ಮೇಲೆ ಅವರಲ್ಲಿ ಹಿರಿಯವನು ಮೀಸೆ ತಿರುವಿ, “ನಾವ ಒಂಬತ್ತು ಮಂದಿ ಕುಂತ್ರ ಆ ಅಕ್ಕನ ಹಿಟ್ಟಿನ ಡಬ್ಬಿ ಬೋರಲು ಬೀಳತೈತಿ. ಇವತ್ತ ಆಕಿ ಬಾಯಾಗ ‘ಇಲ್ಲ’ ಅನ್ನಸತೀವಿ” ಅಂದನಂತೆ. ನಮ್ಮ ವಸ್ತಾದರು ಓಡಿ ಬಂದು ಸುದ್ದಿ ಹೇಳಿದರು. ಅತ್ತೆ ಡಬ್ಬಿಯೊಳಗೆ ಕೈ ಹಾಕಿ ನೋಡಿ ನನ್ನ ಮುಖ ನೋಡಿದರು.

ಅಷ್ಟರಲ್ಲಿ ಒಂಬತ್ತೂ ಮಂದಿ ಬಂದರು. ಕುಸ್ತಿಯಾಗಿ, ಜಳಕವಾಗಿ, ಮರದ ನೆರಳಲ್ಲಿ ತಾಸುಗಟ್ಟಲೆ ಅಡ್ಡಾಗಿ ಎದ್ದು ಬಂದವರು. ಅದೇ ಅಪಾಯದ ಹೊತ್ತು! ಹಿಂದೆ ಅರ್ಧ ಹಾವೇರಿ ನೋಡಲು ನೆರೆದಿತ್ತು. ನಾನು ಸೆರಗು ಸೊಂಟಕ್ಕೆ ಸಿಗಿಸಿ ಹೊರಗೆ ಬಂದೆ.

“ಬರ್ರಿ ಅಣ್ಣಾರ. ಅಡಿಗಿ ಆಗಾಕ ಬಂದೈತಿ. ನಮ್ಮ ಬಾವಿ ಒಂದೀಟು ಆಳ ನೋಡ್ರಿ, ಊರಿನ ಪೈಲ್ವಾನರು ನಾಕು ಕೊಡಕ್ಕ ಕೈ ಬಿಡತಾರ. ನಿಮ್ಮೂರವರು ಹ್ಯಾಂಗೋ ನನಗ ಗೊತ್ತಿಲ್ಲ.”

ನಮ್ಮ ವಸ್ತಾದರ ಮುಖ ಕೆಂಪಾಯಿತು. ರಾಣೇಬೆನ್ನೂರಿನವರು ಅಂಗಿ ಬಿಚ್ಚಿ ಬಾವಿಗೆ ನುಗ್ಗಿದರು. ನಾ ಮುಂದು ತಾ ಮುಂದು ಎಂದು ಸೇದಿದರು. ಕೊಡ, ಹಂಡೆ, ದನದ ಬಾನಿ ಎಲ್ಲ ತುಂಬಿದವು. ನೀರು ಸೇದಿ ಮುಗಿದ ಮೇಲೆ ಹಿತ್ತಲಲ್ಲಿ ಬಿದ್ದಿದ್ದ ಹುಣಸೆ ಬೊಡ್ಡೆ ತೋರಿಸಿದೆ. ಅದನ್ನೂ ಸೀಳಿ ಕಟ್ಟಿಗೆ ಮಾಡಿದರು. ಅವರ ಉಸಿರು ಇನ್ನೂ ಏರಿಳಿಯುತ್ತಿರುವಾಗಲೇ, “ಕೈ ತೊಳಕೊಳ್ರಿ, ತಾಟು ಹಾಕೇನಿ!” ಅಂದೆ.

ಮೊದಲು ಮಜ್ಜಿಗೆ ಬೇಡಿದರು, ಕೊಟ್ಟೆ. ಮತ್ತೆ ಬೇಡಿದರು, ಮತ್ತೆ ಕೊಟ್ಟೆ. ಎರಡನೆಯ ರೊಟ್ಟಿಗೆ ನಾಲ್ವರು ಊಟ ನಿಲ್ಲಿಸಿದರು. ಮೂರನೆಯದಕ್ಕೆ ಹಿರಿಯ ಪೈಲ್ವಾನ ತಾಟಿಗೆ ಕೈ ಅಡ್ಡ ಹಿಡಿದು, “ಸಾಕ್ರಿ ಅಕ್ಕಾರ” ಅಂದ. “ಇನ್ನೊಂದು?” ಅಂದೆ. ತಲೆ ಅಲ್ಲಾಡಿಸಿದ. ಬಾಗಿಲಲ್ಲಿ ನಿಂತ ಹಾವೇರಿಯವರು ಹಾಕಿದ ಕೇಕೆ ಹಲಗೇರಿಗೂ ಕೇಳಿಸಿರಬೇಕು. ನಾನು ನಗಲಿಲ್ಲ, ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ರಾಣಿಯಂತೆ ಒಳಗೆ ನಡೆದೆ.

ಅವರು ಸ್ಟೇಶನ್ನಿಗೆ ಹೋದರು. ಹೊತ್ತು ಮುಳುಗುವಷ್ಟರಲ್ಲಿ ಹಿರಿಯ ಪೈಲ್ವಾನ ಮತ್ತೆ ಬಾಗಿಲಲ್ಲಿ!

“ಅಕ್ಕಾರ, ಗಾಡಿ ತಡಾ ಐತಂತ್ರಿ.”

“ಹೌದೇನ್ರಿ?”

“ಸುಮ್ನ ಈ ಕಡೆ ಹಾದು ಹೊಂಟಿದ್ವಿ. ಆ ಬಾನಿ ಏನರೆ ಸೋರಾಕತ್ತೇತೇನೋ ನೋಡೂಣು ಅಂತ ಬಂದ್ವಿ.”

ಅವನ ಬೆನ್ನ ಹಿಂದೆ ಎಂಟು ಜೋಡಿ ಕಣ್ಣು ಬಾನಿಯ ಕಡೆ ನೋಡುತ್ತಿರಲಿಲ್ಲ, ರೊಟ್ಟಿ ಬುಟ್ಟಿಯ ಕಡೆ ನೋಡುತ್ತಿದ್ದವು. ಗೆದ್ದಾಗಿತ್ತು, ಹೋಗಿ ಬನ್ನಿ ಅನ್ನಬಹುದಿತ್ತು. ಆದರೆ ಹಸಿದವರನ್ನು ಹೊಸ್ತಿಲಿನಿಂದ ತಿರುಗಿಸಿದರೆ ಅದಕ್ಕಿಂತ ದೊಡ್ಡ ಸೋಲು ಯಾವುದು? “ಒಳಗ ಬರ್ರಿ” ಅಂದೆ. ಬುಟ್ಟಿ ಬರಿದಾಯಿತು. ಒಲೆ ಮತ್ತೆ ಹೊತ್ತಿತು. ಅತ್ತೆ ಡಬ್ಬಿ ಬಡಿದು ಬಡಿದು ಹಿಟ್ಟು ತೆಗೆದರು. ಕೊನೆಗೆ ನಮ್ಮಿಬ್ಬರಿಗೆಂದು ಎತ್ತಿಟ್ಟಿದ್ದ ರೊಟ್ಟಿಗಳೂ ಹೋದವು. ಆಗ ಹಿರಿಯ ಪೈಲ್ವಾನ ಎದ್ದು ನಿಂತು ಕೈ ಮುಗಿದ.

“ಅಕ್ಕಾರ, ಮಧ್ಯಾಹ್ನ ‘ಸಾಕು’ ಅಂದಾವ ನಾ ಅಲ್ಲ, ನಿಮ್ಮ ಬಾವಿ. ಈಗ ನಾ ಹೇಳತೇನಿ, ಖರೇನ ಸಾಕು. ನಿಮ್ಮ ಬಾಯಾಗ ‘ಇಲ್ಲ’ ಅನ್ನಸೂದು ನಮ್ಮಿಂದ ಆಗಲಿಲ್ಲ.”

ಆ ಮಾತನ್ನು ಅವನು ರಾಣೇಬೆನ್ನೂರಿನ ತುಂಬ ಹೇಳಿಕೊಂಡು ತಿರುಗಿದನಂತೆ. ಇವತ್ತಿಗೂ ನೆನೆದರೆ ನನಗೆ ಒಂದು ಗೇಣು ಎತ್ತರವಾದಂತೆ ಅನಿಸುತ್ತದೆ.

ಅವರು ಹೋದ ಮೇಲೆ ಅತ್ತೆಯೂ ನಾನೂ ಖಾಲಿ ಬುಟ್ಟಿಯ ಆಚೆಯೊಬ್ಬರು ಈಚೆಯೊಬ್ಬರು ಕೂತೆವು. ಅತ್ತೆಯ ಹೊಟ್ಟೆ ಗುರ್ ಅಂದದ್ದು ನನಗೆ ಕೇಳಿಸಿತು.

“ಅತ್ತಿ, ಏಳ್ರಿ” ಅಂದೆ. “ನಾವೂ ನಾಕು ಕೊಡ ನೀರು ಸೇದೂಣು, ಹಸಿವಿ ಮಲಗತೈತಿ.”

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಸೇದೂಣಲ್ಲವಾ, ಯಾಕಾಗವಲ್ದು. ಆದ್ರ ಮನ್ಯಾಗಿನ ಭಾಂಡೆ ಎಲ್ಲಾ ತುಂಬಿಸಿ ಇಟ್ಟೀಯಲ್ಲ, ನೀರು ಯಾರ ತಲಿ ಮ್ಯಾಲೆ ಸುರೀತಿ?”